ಹಡಗಿನ ಮೇಲೆ ಕ್ರಿಸ್‌ಮಸ್: ಮೊದಲ ಸಲ ಹೊರಟ ಕುಟುಂಬಕ್ಕೆ

ಫ್ಲಾರಿಡಾದ ಮಯಾಮಿ, ಫೋರ್ಟ್ ಲಾಡರ್‌ಡೇಲ್, ಪೋರ್ಟ್ ಕ್ಯಾನವೆರಲ್ ಬಂದರುಗಳಿಂದ ಡಿಸೆಂಬರಿನ ಕೊನೆಯ ಎರಡು ವಾರ ಹೊರಡುವ ಹಡಗುಗಳಲ್ಲಿ ಖಾಲಿ ಕ್ಯಾಬಿನ್ ಸಿಗುವುದು ಅಪರೂಪ. ಶಾಲೆಗಳಿಗೆ ರಜೆ, ಉತ್ತರದಲ್ಲಿ ಹಿಮ, ದಕ್ಷಿಣದಲ್ಲಿ ಹಿತವಾದ ಬಿಸಿಲು. ಅಟ್ಲಾಂಟಿಕ್ ಚಂಡಮಾರುತಗಳ ಋತುವೂ ನವೆಂಬರ್ 30ಕ್ಕೆ ಮುಗಿದಿರುತ್ತದೆ. ಅಜ್ಜನಿಂದ ಮೊಮ್ಮಗುವಿನವರೆಗೆ ಒಂದೇ ಬಣ್ಣದ ಟೀ ಶರ್ಟ್ ತೊಟ್ಟು ಸಾಲಿನಲ್ಲಿ ನಿಂತ ಕುಟುಂಬಗಳ ನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ. ಅಮೆರಿಕದಲ್ಲಿ ನೆಲೆಸಿದವರು ಊರಿನಿಂದ ಬಂದ ಅಪ್ಪ ಅಮ್ಮನನ್ನು ಕಡಲಿಗೆ ಕರೆದೊಯ್ಯಲು ಆರಿಸಿಕೊಳ್ಳುವುದು ಬಹುಪಾಲು ಈ ವಾರಗಳನ್ನೇ.

ಚಳಿಗಾಲದಲ್ಲಿ ಹಡಗು ಏರಿ ಬಿಸಿಲು ಹುಡುಕುವ ಪರಿಪಾಠ ಹಳೆಯದು. ಹ್ಯಾಂಬರ್ಗ್-ಅಮೆರಿಕ ಕಂಪನಿಯ ಆಲ್ಬರ್ಟ್ ಬಾಲಿನ್, ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆಯಾಗಿ ಹಡಗುಗಳು ಸುಮ್ಮನೆ ನಿಲ್ಲುವುದನ್ನು ಕಂಡು, 1891ರ ಜನವರಿಯಲ್ಲಿ ‘ಆಗಸ್ಟಾ ವಿಕ್ಟೋರಿಯಾ’ವನ್ನು ಮೆಡಿಟರೇನಿಯನ್ ಸುತ್ತಿ ಬರಲು ಕಳಿಸಿದ. ಎಲ್ಲಿಗೂ ತಲುಪಿಸದೆ ಹೊರಟಲ್ಲಿಗೇ ಮರಳುವ ಆ ಯಾನಕ್ಕೆ ಜನ ಬರುತ್ತಾರೆಂದು ಅಂದು ಹಲವರು ನಂಬಿರಲಿಲ್ಲ. ಇಂದು ಮಯಾಮಿಯಿಂದ ಹೊರಡುವ ‘ಐಕಾನ್ ಆಫ್ ದ ಸೀಸ್’ ಹಡಗಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಪ್ರಯಾಣಿಕರಿಗೆ ಜಾಗವಿದೆ. ಕ್ರಿಸ್‌ಮಸ್ ವಾರದಲ್ಲಿ ಒಂದೊಂದು ಕ್ಯಾಬಿನ್ನಿನಲ್ಲೂ ಮೂವರು ನಾಲ್ವರು ಇರುವುದರಿಂದ ಆ ಅಂಕಿ ಬರೀ ಕಾಗದದ ಮೇಲಿನದಲ್ಲ.

ಮೊದಲ ಸಲ ಹೊರಡುವವರ ಲೆಕ್ಕ ಎಡವುವುದು ಹಬ್ಬದ ತಯಾರಿಯಲ್ಲಿ. ಹಬ್ಬದ ಕಾರ್ಯಕ್ರಮಗಳನ್ನು ತಾವೇ ಹೊಂದಿಸಬೇಕೆಂದು ಪಟ್ಟಿ ಬರೆಯುತ್ತ ಕೂರುತ್ತಾರೆ. ಹಡಗಿನವರು ಹೊಂದಿಸಿಟ್ಟದ್ದೇ ಬೇಕಾದಷ್ಟಿರುತ್ತದೆ: ನಡುಸಭಾಂಗಣದಲ್ಲಿ ಮೂರು ಮಹಡಿ ಎತ್ತರದ ಮರ, ಅದಕ್ಕೆ ದೀಪ ಹಚ್ಚುವ ಸಂಭ್ರಮ, ಬೇಕರಿಯವರು ಕಟ್ಟಿದ ಜಿಂಜರ್‌ಬ್ರೆಡ್ ಮನೆ, ಕ್ಯಾರಲ್ ಹಾಡು, ಕುಕ್ಕೀಸ್ ಅಲಂಕರಿಸುವ ಮೇಜು, ನಡುರಾತ್ರಿಯ ಪೂಜೆ, ಸಾಂಟಾ. ಯೆಹೂದಿ ಕುಟುಂಬಗಳಿಗಾಗಿ ಹನುಕ್ಕಾ ದೀಪಸ್ತಂಭ ಬೆಳಗುವುದೂ ಉಂಟು, ಅದೂ ವಿದ್ಯುತ್ ದೀಪದ್ದು. ಇಷ್ಟರಲ್ಲಿ ಯಾವುದನ್ನು ಬಿಡಬೇಕೆಂದು ತೀರ್ಮಾನಿಸುವುದೇ ಮನೆಯವರ ಕೆಲಸ. ದಿನಕ್ಕೊಂದು ಹಬ್ಬದ ಕಾರ್ಯಕ್ರಮ ಸಾಕು. ಎರಡಾದರೆ ಮಕ್ಕಳು ರೇಗುತ್ತಾರೆ; ಮೂರಾದರೆ ಅಜ್ಜಿ.

ದಿನಾಂಕ ಮೊದಲು, ಹಡಗು ಆಮೇಲೆ

ಜಾಹೀರಾತಿನಲ್ಲಿ ಜಾರುಬಂಡೆ, ಈಜುಕೊಳಗಳನ್ನು ನೋಡುವ ಮೊದಲು ಯಾನದ ದಿನಪಟ್ಟಿ ತೆರೆಯಿರಿ. ಡಿಸೆಂಬರ್ 24 ಮತ್ತು 25ರಂದು ಹಡಗು ಎಲ್ಲಿರುತ್ತದೆ? 25 ಕಡಲ ಮೇಲಿನ ದಿನವಾದರೆ ಮೊದಲ ಸಲದವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಯಾರೂ ಎಲ್ಲಿಗೂ ಓಡಬೇಕಿಲ್ಲ. ಸಾಂಟಾ ಬರುವಾಗ ಮಕ್ಕಳು ರಾತ್ರಿಯುಡುಪಿನಲ್ಲೇ ಹೋಗಿ ನಿಲ್ಲಬಹುದು, ಮಧ್ಯಾಹ್ನ ಎಲ್ಲರೂ ನಿದ್ದೆ ಹೊಡೆಯಬಹುದು.

ಆ ದಿನ ಊರೊಂದರ ಬಂದರಿನಲ್ಲಿ ಕಳೆಯುವುದು ಬೇರೆಯೇ ಕಥೆ. ಕೆರಿಬಿಯನ್ ದ್ವೀಪಗಳಲ್ಲಿ ಬಹುಪಾಲು ಜನ ಕ್ರೈಸ್ತರು. 25ರಂದು ಅವರೂ ಮನೆಯಲ್ಲಿ ಹಬ್ಬ ಮಾಡುತ್ತಾರೆ, ಅಂಗಡಿಗಳ ಬಾಗಿಲು ಹಾಕಿರುತ್ತದೆ. ಬೀದಿ ಸುತ್ತಿ ಬರೋಣವೆಂದು ಇಳಿದವರಿಗೆ ಮುಚ್ಚಿದ ಸಾಲುಗಳಷ್ಟೇ ಕಾಣುತ್ತವೆ. ಕಂಪನಿಗಳ ಸ್ವಂತ ದ್ವೀಪಗಳು ಇದಕ್ಕೆ ಹೊರತು. ಬಹಾಮಾಸ್‌ನ ಗ್ರೇಟ್ ಸ್ಟಿರಪ್ ಕೇ, ಕ್ಯಾಸ್ಟವೇ ಕೇ, ಕೊಕೊ ಕೇ ದ್ವೀಪಗಳನ್ನು ಪ್ರಯಾಣಿಕರಿಗಾಗಿಯೇ ನಡೆಸುವುದರಿಂದ ಹಬ್ಬದ ದಿನವೂ ಅಲ್ಲಿ ಊಟ, ಕಡಲ ತೀರ, ಆಟ ಎಲ್ಲ ತೆರೆದಿರುತ್ತವೆ. ಮರಳಿನ ಮೇಲೆ ಕ್ರಿಸ್‌ಮಸ್ ಮರ ನಿಲ್ಲಿಸಿ ಫೋಟೊ ತೆಗೆಯುವ ಆಸೆಯಿದ್ದವರು ಇದನ್ನೇ ಆರಿಸಲಿ. ಆದರೆ ಡಿಸೆಂಬರಿನ ಬಹಾಮಾಸ್ ಸುಡುವ ಬಿಸಿಲಿನದಲ್ಲ. ಉತ್ತರದಿಂದ ತಣ್ಣನೆಯ ಗಾಳಿ ಇಳಿದ ದಿನ ನೀರಿಗಿಳಿದ ಮಕ್ಕಳ ಹಲ್ಲು ಕಟಕಟಿಸುತ್ತದೆ, ಅಲೆ ಜೋರಾಗಿದ್ದರೆ ಹಡಗು ದ್ವೀಪಕ್ಕೆ ಹೋಗದೆ ಮುಂದಕ್ಕೆ ಸಾಗುವುದೂ ಇದೆ. ಬೆಚ್ಚನೆಯ ನೀರೇ ಬೇಕಾದರೆ ಇನ್ನೂ ದಕ್ಷಿಣಕ್ಕೆ ಹೋಗುವ ಯಾನವನ್ನು ನೋಡಬೇಕು.

26ರ ಬೆಳಗ್ಗೆ ಹಡಗು ನಾಸೌ ತಲುಪುವುದಿದ್ದರೆ ಅದು ಅದೃಷ್ಟವೇ. ಬಹಾಮಾಸ್‌ನ ಜಂಕನೂ ಮೆರವಣಿಗೆ ನಡೆಯುವುದು ಬಾಕ್ಸಿಂಗ್ ಡೇ ಮತ್ತು ಹೊಸವರ್ಷದ ದಿನ. ಗುಲಾಮಗಿರಿಯ ಕಾಲದಲ್ಲಿ ಆಫ್ರಿಕನ್ನರಿಗೆ ಕ್ರಿಸ್‌ಮಸ್ ಹೊತ್ತಿಗೆ ಸಿಗುತ್ತಿದ್ದ ಕೆಲವೇ ದಿನಗಳ ಬಿಡುವಿನಲ್ಲಿ ಬೆಳೆದದ್ದು ಇದು. ಮೇಕೆ ಚರ್ಮದ ಡೋಲು, ದನದ ಗಂಟೆ, ಕಹಳೆ. ರಟ್ಟಿನ ಚೌಕಟ್ಟಿಗೆ ಬಣ್ಣದ ಕ್ರೇಪ್ ಕಾಗದದ ಸಣ್ಣ ಸಣ್ಣ ಪಟ್ಟಿಗಳನ್ನು ಸಾಲುಸಾಲಾಗಿ ಅಂಟಿಸಿ ತಿಂಗಳುಗಟ್ಟಲೆ ತಯಾರಿಸಿದ ಭಾರೀ ವೇಷಗಳು. ಬೇ ಸ್ಟ್ರೀಟ್‌ನಲ್ಲಿ ನಡುರಾತ್ರಿ ಕಳೆದ ಮೇಲೆ ಶುರುವಾಗಿ ಬೆಳಗಿನವರೆಗೂ ಸಾಗುತ್ತದೆ. ಆ ಬೀದಿ ಹಡಗುಕಟ್ಟೆಯಿಂದ ನಡೆದು ಹೋಗುವಷ್ಟು ಹತ್ತಿರ. 2023ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಡಗಿನೊಳಗಿನ ಹತ್ತು ಕಾರ್ಯಕ್ರಮ ತಪ್ಪಿದರೂ ಚಿಂತೆಯಿಲ್ಲ. ಇದರ ಕೊನೆಯ ಅರ್ಧ ಗಂಟೆ ಸಿಕ್ಕರೂ ಬೇಗ ಎದ್ದು ಇಳಿಯಿರಿ.

ಜಮೈಕಾಕ್ಕೆ ಹೋಗುವವರು ಅಲ್ಲಿನ ಸಾರೆಲ್ ಪಾನಕ ಕುಡಿಯದೆ ಬರಬಾರದು. ಕ್ರಿಸ್‌ಮಸ್ ಹೊತ್ತಿಗೆ ಕೊಯ್ಲಿಗೆ ಬರುವ ಕೆಂಪು ಪುಷ್ಪಪಾತ್ರೆಗಳನ್ನು ಶುಂಠಿಯೊಂದಿಗೆ ಕುದಿಸಿ, ನೆನೆಸಿಟ್ಟು ಮಾಡುವ ಪಾನೀಯವದು. ಉತ್ತರ ಕರ್ನಾಟಕದವರಿಗೆ ಅದರ ಹುಳಿ ಹೊಸತೆನಿಸುವುದಿಲ್ಲ: ನಮ್ಮ ಪುಂಡಿ ಪಲ್ಲೆಯ ಬಳಗದ್ದೇ ಗಿಡ. ದೊಡ್ಡವರ ಲೋಟಕ್ಕೆ ರಮ್ ಬೆರೆಸುತ್ತಾರೆ, ಮಕ್ಕಳಿಗೆ ತರುವಾಗ ಕೇಳಿ ತನ್ನಿ. ಪೋರ್ಟೊ ರಿಕೊದ ಸಾನ್ ಹುವಾನ್‌ನಲ್ಲಿ ಹಬ್ಬ ಜನವರಿ 6ರ ಮೂವರು ರಾಜರ ದಿನದವರೆಗೂ ಮುಗಿಯುವುದಿಲ್ಲ. ಹಿಂದಿನ ರಾತ್ರಿ ಮಕ್ಕಳು ರಾಜರ ಒಂಟೆಗಳಿಗೆಂದು ಡಬ್ಬಿಯಲ್ಲಿ ಹುಲ್ಲು ತುಂಬಿ ಮಂಚದ ಕೆಳಗಿಡುತ್ತಾರೆ. ಕ್ರಿಸ್‌ಮಸ್ ವಾರದ ದರ ಕೈಗೆಟುಕದವರು ಜನವರಿ ಮೊದಲ ವಾರದ ಯಾನ ಹಿಡಿದು ಇದನ್ನು ನೋಡಬಹುದು.

ಕ್ಯಾಬಿನ್ ಎಂಬ ಮನೆ

ಬಾಗಿಲಿಗೆ ಅಲಂಕಾರ ಮಾಡುವುದು ಈ ಯಾನಗಳ ಮೋಜಿನ ಪದ್ಧತಿ. ಒಂದೇ ಬಗೆಯ ನೂರಾರು ಬಾಗಿಲುಗಳಿರುವ ಉದ್ದನೆಯ ಓಣಿಯಲ್ಲಿ ಐದು ವರ್ಷದ ಮಗು ತನ್ನ ಕೋಣೆ ಗುರುತಿಸುವುದು ಆ ಅಲಂಕಾರದಿಂದಲೇ. ಬಾಗಿಲು, ಗೋಡೆಗಳು ಸಾಮಾನ್ಯವಾಗಿ ಉಕ್ಕಿನವಾದ್ದರಿಂದ ಆಯಸ್ಕಾಂತದ ಚಿತ್ರ, ಆಯಸ್ಕಾಂತದ ಕೊಕ್ಕೆ ಬೇಕು. ಅಂಟುಪಟ್ಟಿ ಬಣ್ಣ ಕೀಳುತ್ತದೆ, ಅದಕ್ಕೆ ಅನುಮತಿಯಿಲ್ಲ. ಮೇಣದಬತ್ತಿಯನ್ನು ಯಾವ ಕಂಪನಿಯೂ ಬಿಡುವುದಿಲ್ಲ. ಮಿಣಮಿಣ ದೀಪದ ಸರ, ಎಕ್ಸ್‌ಟೆನ್ಷನ್ ವೈರುಗಳನ್ನೂ ಹೆಚ್ಚಿನವರು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಇದು ಅತಿಯೆನಿಸಬಹುದು. ನಡುಗಡಲಿನಲ್ಲಿ ಬೆಂಕಿ ಹೊತ್ತಿದರೆ ಓಡಿಹೋಗಲು ಬೀದಿಯಿಲ್ಲ. ಟೈಟಾನಿಕ್ ಮುಳುಗಿದ ಎರಡು ವರ್ಷಕ್ಕೆ, 1914ರಲ್ಲಿ, ಮೊದಲು ರೂಪುಗೊಂಡ ಕಡಲ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದದ ಇಂದಿನ ರೂಪದಲ್ಲಿ ಬೆಂಕಿಯ ಬಗ್ಗೆಯೇ ಒಂದು ದೊಡ್ಡ ಅಧ್ಯಾಯವಿದೆ. ಕಾಗದದ ತೋರಣಕ್ಕೂ ಕೆಲವರು ತಕರಾರು ತೆಗೆಯುವುದರಿಂದ ನಿಮ್ಮ ಕಂಪನಿಯ ನಿಯಮ ಓದಿಯೇ ಸಾಮಾನು ಕೊಳ್ಳಿ. ಹಸಿ ಮರ, ಹಸಿ ಎಲೆಯ ಮಾಲೆ ತರುವ ಯೋಚನೆ ಬಿಡಿ. ಅಂಗೈ ಎತ್ತರದ ಬಟ್ಟೆಯ ಮರ ಸಾಕು.

ಉಡುಗೊರೆಗಳನ್ನು ಮನೆಯಲ್ಲೇ ಅಂದವಾಗಿ ಸುತ್ತಿ ತರಬೇಡಿ; ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬಿಚ್ಚಿಸಬಹುದು. ಬಣ್ಣದ ಕಾಗದ ಮಡಚಿ ತಂದು, ಮಕ್ಕಳು ಕಿಡ್ಸ್ ಕ್ಲಬ್ಬಿಗೆ ಹೋದಾಗ ಸುತ್ತಿದರಾಯಿತು. ದೊಡ್ಡ ಆಟಿಕೆ ಮನೆಯಲ್ಲಿರಲಿ, ಕ್ಯಾಬಿನ್ನಿನಲ್ಲಿ ಅದನ್ನು ಇಡಲು ಮೂಲೆಯಿಲ್ಲ. ಈಜುಕನ್ನಡಕ, ಇಸ್ಪೀಟು, ಹೊಸ ರಾತ್ರಿಯುಡುಪು ಇಂಥವು ಅಲ್ಲೇ ಬಳಕೆಗೆ ಬರುತ್ತವೆ. ಡಿಸ್ನಿ ಹಡಗುಗಳಲ್ಲಿ ಇನ್ನೊಂದು ಆಟವಿದೆ. ಬಾಗಿಲ ಪಕ್ಕದ ಲೋಹದ ಕೊಕ್ಕೆಗೆ ಜೇಬುಗಳಿರುವ ಬಟ್ಟೆ ತೂಗುಹಾಕಿ, ಮೊದಲೇ ಪರಿಚಯ ಮಾಡಿಕೊಂಡ ಕುಟುಂಬಗಳು ಗುಟ್ಟಾಗಿ ಒಬ್ಬರ ಜೇಬಿಗೊಬ್ಬರು ಪುಟ್ಟ ಕಾಣಿಕೆ ಹಾಕಿ ಹೋಗುತ್ತಾರೆ. ಕೇಳಲು ಚೆಂದ. ಆದರೆ ಹತ್ತು ಕುಟುಂಬಗಳ ಗುಂಪಿಗೆ ಸೇರಿದರೆ ಅಷ್ಟೂ ಮನೆಗಳಿಗೆ ಕಾಣಿಕೆ ಹೊರಬೇಕು. ಮೊದಲ ಸಲಕ್ಕೆ ಇದು ಬೇಡವೆಂದೇ ನನ್ನ ಮಾತು.

ಮಂಗಳೂರಿನ ಕ್ರೈಸ್ತ ಮನೆಗಳವರಿಗೆ ಕುಸ್ವಾರ್ ಇಲ್ಲದ ಕ್ರಿಸ್‌ಮಸ್ ಇಲ್ಲ. ಆದರೆ ಮನೆಯಲ್ಲಿ ಮಾಡಿದ ತಿಂಡಿಯನ್ನು ಹಡಗಿಗೆ ತರಲು ಹಲವು ಕಂಪನಿಗಳು ಬಿಡುವುದಿಲ್ಲ. ಅಂಗಡಿಯ ಸೀಲು ಒಡೆಯದ ಪೊಟ್ಟಣಕ್ಕೆ ಮಾತ್ರ ಒಪ್ಪಿಗೆ. ಕಿಡಿಯೊ, ಗುಳಿಯೊ, ನೆವ್ರಿಗಳ ಡಬ್ಬಿಯನ್ನು ಹಡಗು ಹತ್ತುವ ಹಿಂದಿನ ರಾತ್ರಿಯ ಹೋಟೆಲಿನಲ್ಲೇ ಖಾಲಿ ಮಾಡುವುದು ಸುಲಭದ ದಾರಿ. ಹಿಂದಿನ ರಾತ್ರಿಯ ಹೋಟೆಲು ಹೇಗೂ ಬೇಕೇ ಬೇಕು: 2022ರ ಕ್ರಿಸ್‌ಮಸ್ ವಾರದ ಹಿಮಬಿರುಗಾಳಿಗೆ ಅಮೆರಿಕದಲ್ಲಿ ಸಾವಿರಾರು ವಿಮಾನ ರದ್ದಾದವು, ಹಡಗು ಯಾರಿಗೂ ಕಾಯುವುದಿಲ್ಲ. ಸಸ್ಯಾಹಾರಿಗಳು ಬುಕಿಂಗ್ ಮಾಡುವಾಗಲೇ ತಿಳಿಸಿ, ಮೊದಲ ರಾತ್ರಿ ಊಟದ ಮೇಜಿನ ಮೇಲ್ವಿಚಾರಕರಿಗೆ ನೆನಪಿಸಿದರೆ, ದೊಡ್ಡ ಕಂಪನಿಗಳಲ್ಲಿ ಅನ್ನ, ದಾಲ್, ಪಲ್ಯ ದಿನವೂ ಸಿಗುವುದುಂಟು.

ಕಾಗದಪತ್ರಗಳ ಒಂದು ಮಾತು

ಅಮೆರಿಕದ 1886ರ ಕಾನೂನೊಂದರ ಪ್ರಕಾರ ವಿದೇಶಿ ಧ್ವಜದ ಹಡಗು ಅಮೆರಿಕದ್ದೇ ಬಂದರುಗಳ ನಡುವೆಯಷ್ಟೇ ಜನರನ್ನು ಸಾಗಿಸುವಂತಿಲ್ಲ. ದೊಡ್ಡ ಪ್ರವಾಸಿ ಹಡಗುಗಳು ಹೆಚ್ಚುಕಡಿಮೆ ಎಲ್ಲವೂ ಬಹಾಮಾಸ್, ಪನಾಮದಂಥ ದೇಶಗಳ ಧ್ವಜ ಹೊತ್ತವು. ಹಾಗಾಗಿ ಹಡಗು ಯಾವುದಾದರೊಂದು ಹೊರದೇಶವನ್ನು ಮುಟ್ಟಿಯೇ ಮರಳುತ್ತದೆ. ಅಂದರೆ ನಾಲ್ಕೇ ದಿನದ ವಿಹಾರವಾದರೂ ನೀವು ದೇಶ ಬಿಟ್ಟು ಮರುಪ್ರವೇಶ ಮಾಡುತ್ತೀರಿ. ಊರಿನಿಂದ ಬಂದ ಅಪ್ಪ ಅಮ್ಮನ ವೀಸಾ ಹಲವು ಪ್ರವೇಶದ್ದೇ ಎಂದು ನೋಡಿಕೊಳ್ಳಿ. ಎಚ್-1ಬಿಯವರಿಗೆ ಇನ್ನೊಂದು ತೊಡಕಿದೆ. ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿದ್ದರೂ ಕೆನಡಾ, ಮೆಕ್ಸಿಕೊಗಳಿಗೆ ಚುಟುಕಾಗಿ ಹೋಗಿಬರುವವರಿಗಿರುವ ರಿಯಾಯಿತಿ ಅವರಿಗೆ ಕೆರಿಬಿಯನ್ ದ್ವೀಪಗಳಿಗೆ ಅನ್ವಯಿಸುವುದಿಲ್ಲ. ಮುಂಗಡ ಕಟ್ಟುವ ಮೊದಲೇ ಕಚೇರಿಯ ವಲಸೆ ವಕೀಲರನ್ನು ಕೇಳಿ.

ಹತ್ತಿದ ದಿನ, 25ರ ದಿನ

ಬಂದರಿನಲ್ಲಿ ಕೂಲಿಯವರ ಕೈಗೆ ಕೊಟ್ಟ ಪೆಟ್ಟಿಗೆಗಳು ಕ್ಯಾಬಿನ್ನಿಗೆ ಬರುವುದು ಸಂಜೆಯಾಗಬಹುದು. ಈಜುಡುಪು, ಔಷಧಿ, ಬಾಗಿಲ ಅಲಂಕಾರ ಕೈಚೀಲದಲ್ಲಿರಲಿ. ಹತ್ತಿದ ಕೂಡಲೇ ಸುರಕ್ಷತಾ ತಾಲೀಮು ಮುಗಿಸಿ, ಮಕ್ಕಳನ್ನು ಕಿಡ್ಸ್ ಕ್ಲಬ್ಬಿನಲ್ಲಿ ನೋಂದಾಯಿಸಿ, ಆಮೇಲೆ ಬಾಗಿಲು ಅಲಂಕರಿಸಲು ಕೂರಿ. ರಾತ್ರಿಯೂಟಕ್ಕೆ ಎರಡು ಪಂಕ್ತಿಗಳಿದ್ದರೆ ಮೊದಲನೆಯದನ್ನೇ ಆರಿಸಿ.

25ರ ಬೆಳಗ್ಗೆ ಸಾಂಟಾ ಮುಂದಿನ ಸಾಲು ಮಹಡಿಯಿಂದ ಮಹಡಿಗೆ ಬೆಳೆಯುತ್ತದೆ. ಅರ್ಧ ಗಂಟೆ ಮುಂಚೆ ಹೋಗುವ ಉತ್ಸಾಹ ಇಲ್ಲವಾದರೆ ಮೇಲಿನ ಮಹಡಿಯ ಕಟಾಂಜನಕ್ಕೆ ಒರಗಿ ನೋಡುವುದೇ ಸುಖ. ಊರಿಗೆ ವಿಡಿಯೊ ಕರೆ ಮಾಡಲೂ ಆ ಹೊತ್ತೇ ಸರಿ: ಫ್ಲಾರಿಡಾದ ಗಡಿಯಾರದಲ್ಲಿ ಎಂಟು ಗಂಟೆಯಾದಾಗ ನಮ್ಮಲ್ಲಿ ಸಂಜೆ ಆರೂವರೆ. ವೈಫೈ ಪ್ಯಾಕೇಜನ್ನು ಮೊದಲೇ ಕೊಂಡರೆ ಅಗ್ಗ. ಫೋನು ಏರೋಪ್ಲೇನ್ ಮೋಡಿನಲ್ಲಿರಲಿ, ಇಲ್ಲವಾದರೆ ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿ ಸೇರಿ ಬಿಲ್ಲು ಏರುತ್ತದೆ.

ಹಾಸಿಗೆ ಸರಿಪಡಿಸುವವರು, ಊಟ ಬಡಿಸುವವರು, ಕ್ಯಾರಲ್ ಹಾಡುವವರಲ್ಲಿ ಬಹಳಷ್ಟು ಮಂದಿ ಫಿಲಿಪ್ಪೀನ್ಸ್, ಇಂಡೊನೇಷ್ಯಾ, ಭಾರತದವರು. ಗೋವಾ, ಮಂಗಳೂರಿನ ಹುಡುಗರೂ ಸಿಗುತ್ತಾರೆ. ಕೊಂಕಣಿಯಲ್ಲೋ ತುಳುವಿನಲ್ಲೋ ಎರಡು ಮಾತಾಡಿದರೆ ಮುಖ ಅರಳುತ್ತದೆ. ತಿಂಗಳುಗಟ್ಟಲೆ ಗುತ್ತಿಗೆಯಲ್ಲಿರುವ ಅವರಿಗೆ ಕ್ರಿಸ್‌ಮಸ್ ವರ್ಷದ ಅತಿ ದುಡಿಮೆಯ ವಾರ. ಅವರ ಹಬ್ಬದೂಟ ನಾವು ಮಲಗಿದ ಮೇಲೆ, ಕೆಳಗಿನ ಡೆಕ್ಕಿನಲ್ಲಿ. ಫಿಲಿಪ್ಪೀನ್ಸ್‌ನವರಿಗಂತೂ ಊರಿನಲ್ಲಿ ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ನಸುಕಿನ ಪೂಜೆ ನಡೆಯುವ ಕಾಲವದು. ಮಕ್ಕಳ ಕೈಯಿಂದ ಒಂದು ಶುಭಾಶಯ ಪತ್ರ ಬರೆಸಿ, ಒಳಗೆ ಕೈಲಾದ ಇನಾಮು ಇಟ್ಟು, ಕೋಣೆಯ ಉಸ್ತುವಾರಿಯವರಿಗೆ 24ರಂದೇ ಕೊಡಿ. ಬಿಲ್ಲಿನಲ್ಲಿ ತಾನಾಗಿ ಸೇರುವ ದಿನದ ಟಿಪ್ಸ್ ಬೇರೆ, ಇದು ಬೇರೆ.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಬಾಗಿಲಾಚೆ ಇಡುವ ಮುಂಚೆ ಆಯಸ್ಕಾಂತಗಳನ್ನೆಲ್ಲ ಕಿತ್ತುಕೊಳ್ಳಿ. ಮರುದಿನ ಬೆಳಗ್ಗೆ ಇಳಿಯುವಾಗ ತಿಂಡಿ ಮೇಜಿನಿಂದ ಎತ್ತಿಕೊಂಡ ಬಾಳೆಹಣ್ಣು, ಸೇಬು ಯಾರ ಚೀಲದಲ್ಲೂ ಇರಬಾರದು. ಅಮೆರಿಕದ ಕಸ್ಟಮ್ಸ್‌ನವರು ಹಣ್ಣು ಹುಡುಕಲು ಮೂಸುವ ನಾಯಿಗಳನ್ನೇ ಸಾಕಿದ್ದಾರೆ, ಮುಚ್ಚಿಟ್ಟದ್ದು ಸಿಕ್ಕರೆ ದಂಡವೂ ಬೀಳುತ್ತದೆ.