ಓಡೋಳು ಅವಳು, ಐಸ್ ಹೊರೋರು ನೀವು

ಹೆಂಡತಿ 161 ಕಿಲೋಮೀಟರ್ ಕಾಡುದಾರಿ ಓಡ್ತಾಳೆ. ಗಂಡನಿಗೇನು ಕೆಲಸ? ಐಸ್ ಹೊರೋದು!

ಇದು ಕ್ಯಾಲಿಫೋರ್ನಿಯಾದ ವೆಸ್ಟರ್ನ್ ಸ್ಟೇಟ್ಸ್ ಓಟ. ಜೂನ್ ಕೊನೆಗೆ, ಬೆಳಗಿನ ಜಾವ 5ಕ್ಕೆ ಒಲಿಂಪಿಕ್ ವ್ಯಾಲಿಯಿಂದ ಶುರು. 30 ಗಂಟೆಯೊಳಗೆ ಆಬರ್ನ್ ಮುಟ್ಟಬೇಕು. ನಡುವಿನ ಕಣಿವೆಗಳೋ, ಕಾದ ಕಾವಲಿ.

ಮನೆಯವರು ಎಲ್ಲೆಂದರಲ್ಲಿ ನೆರವಾಗೋ ಹಾಗಿಲ್ಲ. ಗೊತ್ತುಪಡಿಸಿದ ಕೆಲವೇ ಜಾಗ. ಅದರಲ್ಲಿ ಮುಖ್ಯವಾದದ್ದು ಸುಮಾರು 100ನೇ ಕಿಲೋಮೀಟರಿನ ಫಾರೆಸ್ಟ್‌ಹಿಲ್. ಗಂಟೆಗಟ್ಟಲೆ ಕಾದರೂ ಅವಳು ಸಿಗೋದು ಒಂದೆರಡು ನಿಮಿಷ. ಅದಕ್ಕೇ ಟವೆಲ್ ಹಾಸಿ ಎಲ್ಲಾ ಜೋಡಿಸಿಟ್ಟಿರಿ: ಒಣ ಸಾಕ್ಸ್, ಬೊಬ್ಬೆಗೆ ಟೇಪ್, ರಾತ್ರಿಗೆ ಹೆಡ್‌ಲ್ಯಾಂಪ್. ಬಟ್ಟೆಯಲ್ಲಿ ಐಸ್ ಸುತ್ತಿ ಕುತ್ತಿಗೆಗೆ ಕಟ್ಟಿ, ಟೋಪಿಯೊಳಗೂ ಒಂದು ಹಿಡಿ ಸುರೀರಿ.

"ಏನು ಬೇಕು?" ಅಂತ ಮಾತ್ರ ಕೇಳಬೇಡಿ. ದಣಿದ ತಲೆಗೆ ಉತ್ತರ ಹೊಳೆಯಲ್ಲ. "ತಗೋ, ಸೂಪ್ ಕುಡಿ" ಅಂತ ಕೈಗೇ ಕೊಡಿ. ಬೈದರೆ ಬೈಸಿಕೊಳ್ಳಿ, ಅದೆಲ್ಲ ಮಾಮೂಲು.

ಫಾರೆಸ್ಟ್‌ಹಿಲ್‌ನಿಂದ ಮುಂದೆ ಪೇಸರ್ ಒಬ್ಬರು ಜೊತೆಗೆ ಓಡಬಹುದು. ಆದರೆ ಅವಳ ನೀರು, ತಿಂಡಿ ಹೊರೋ ಹಾಗಿಲ್ಲ.

ನೀವೂ ಹೊಟ್ಟೆಗೆ ಏನಾದರೂ ಹಾಕ್ಕೊಳ್ಳಿ. ರಾತ್ರಿ ನಿದ್ದೆ ಎಳೆದರೆ ಬೆಟ್ಟದ ರಸ್ತೆಯಲ್ಲಿ ಕಾರು ಓಡಿಸಬೇಡಿ, ಕೀ ಬೇರೆಯವರಿಗೆ ಕೊಡಿ.