ಅಮ್ಮ ಕಟ್ಟಿಕೊಟ್ಟ ಗಂಟು

ಸೆಮಿಸ್ಟರ್ ಪರೀಕ್ಷೆ ಮುಗಿಸಿ ನಾವು ಐದು ಜನ ಜುಲೈನಲ್ಲಿ ಕುದುರೆಮುಖ ಹತ್ತುವುದೆಂದು ತೀರ್ಮಾನವಾಯಿತು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಅರಣ್ಯ ಇಲಾಖೆಯ ಅನುಮತಿ ಸಿಕ್ಕಿದ್ದೇ ನಮ್ಮ ಪುಣ್ಯ.

ಹೊರಡುವ ಹಿಂದಿನ ರಾತ್ರಿ ಮಲ್ಲತ್ತಹಳ್ಳಿಯ ನಮ್ಮ ಮನೆಯ ಹಾಲ್ ತುಂಬ ಸಾಮಾನು. ಎರಡು ಜೀನ್ಸ್, ಹೂಡಿ, ಪವರ್ ಬ್ಯಾಂಕ್, ಬ್ಲೂಟೂತ್ ಸ್ಪೀಕರ್. ಕೂಲಿಂಗ್ ಗ್ಲಾಸ್ ಕೂಡ ಇತ್ತು, ಒಪ್ಪಿಕೊಳ್ಳುತ್ತೇನೆ. ಅಮ್ಮ ಕೊಪ್ಪ ಕಡೆಯವಳು, ಕಂಬಳಿ ಕೊಪ್ಪೆ ಹೊದ್ದು ಶಾಲೆಗೆ ಹೋದವಳು. ‘ಏನೋ ಇದು, ಮಾಲ್‌ಗೆ ಹೋಗ್ತಿದೀಯಾ? ಅಲ್ಲಿ ನೆನೆಯೋದಂತೂ ಖಂಡಿತ. ನೆಂದ ಮೇಲೆ ಏನು ಹಾಕ್ಕೋತೀಯ, ಅದನ್ನ ಮೊದಲು ಪ್ಯಾಕ್ ಮಾಡು’ ಎಂದಳು. ಅಪ್ಪನ ಹಳೇ ಮರೂನ್ ಉಲ್ಲನ್ ಸ್ವೆಟರನ್ನು ಕವರಿನಲ್ಲಿ ಸುತ್ತಿ, ಬಾಯಿ ಬಿಗಿದು, ಬ್ಯಾಗಿನ ತಳಕ್ಕೆ ತುರುಕಿದಳು. ಜೊತೆಗೆ ಇಂಬಳಕ್ಕೆಂದು ಬಟ್ಟೆಯಲ್ಲಿ ಕಟ್ಟಿದ ಉಪ್ಪು.

ನನಗೆ ನಗು. ಬ್ಯಾಗಿಗೆ ರೇನ್ ಕವರ್ ಇತ್ತಲ್ಲ! ಆ ಸಂಜೆಯಷ್ಟೇ ಮಳೆಯಲ್ಲಿ ಕಲಾಗ್ರಾಮದವರೆಗೆ ನಡೆದು ಪರೀಕ್ಷೆ ಮಾಡಿದ್ದೆ. ಒಂದು ಹನಿ ಒಳಗೆ ಹೋಗಿರಲಿಲ್ಲ.

ಆದರೆ ನಮ್ಮೂರ ಮಳೆ ನೆಟ್ಟಗೆ ಸುರಿದು ಅರ್ಧ ಗಂಟೆಯಲ್ಲಿ ಸುಸ್ತಾಗುತ್ತದೆ. ಅಲ್ಲಿಯದು ಪಕ್ಕದಿಂದ ಬಡಿಯುತ್ತದೆ. ಮುಳ್ಳೋಡಿಯಿಂದ ಹೊರಟು ಶೋಲಾ ಕಾಡಿನಲ್ಲಿ ನಡೆಯುವಷ್ಟು ಹೊತ್ತು ತಮಾಷೆಯಾಗಿಯೇ ಇತ್ತು. ಇಂಬಳಗಳು ಅವುಗಳ ಪಾಲು ಕುಡಿದವು, ನೋವೇನೂ ಆಗಲಿಲ್ಲ, ರಕ್ತ ಮಾತ್ರ ನಿಲ್ಲದು. ಕಾಡು ದಾಟಿ ಹುಲ್ಲುಗಾವಲಿಗೆ ಬಂದ ಕೂಡಲೇ ಗಾಳಿ ಹಿಡಿಯಿತು. ರೇನ್ ಕವರ್ ಬೆನ್ನಿನ ಕಡೆ ತೆರೆದೇ ಇರುತ್ತದೆ ಎಂದು ಹೊಳೆದದ್ದು ಆಗಲೇ. ಕುತ್ತಿಗೆಯಿಂದ ಇಳಿದ ನೀರು ಬೆನ್ನಿನ ಗುಂಟ ಬ್ಯಾಗಿಗೆ ಸೇರುತ್ತಿತ್ತು. ಜೀನ್ಸ್ ನೀರು ಕುಡಿದು ಕಾಲಿಗೆ ಕಲ್ಲು ಕಟ್ಟಿದಂತಾಯಿತು. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ, ನೆಂದ ಹತ್ತಿಬಟ್ಟೆ ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಹೀಟ್ ಟ್ರಾನ್ಸ್‌ಫರ್ ಪೇಪರನ್ನು ಚೆನ್ನಾಗಿಯೇ ಬರೆದಿದ್ದವನು ನಾನು!

ನಮ್ಮಲ್ಲಿ ಅತಿ ಸಣಕಲ ಗೆಳೆಯನೊಬ್ಬ ಹಿಂದೆ ಬಿದ್ದ. ಮೊದಲು ನಡುಗುತ್ತಿದ್ದ, ನಾವು ರೇಗಿಸಿದೆವು. ಆಮೇಲೆ ರೇನ್‌ಕೋಟಿನ ಗುಂಡಿ ಹಾಕಲು ಅವನ ಬೆರಳು ಬಾಗಲಿಲ್ಲ, ಮಾತು ತೊದಲತೊಡಗಿತು. ಗೈಡ್ ಅಣ್ಣ ಅವನ ಮುಖ ನೋಡಿ ‘ಸಾಕು, ಇಳಿಯೋಣ’ ಎಂದರು. ಎಲ್ಲರ ಬ್ಯಾಗ್ ಹುಡುಕಿದೆವು. ಐದು ಬ್ಯಾಗಿನಲ್ಲಿ ಒಣಗಿದ ಬಟ್ಟೆ ಅಂತ ಇದ್ದದ್ದು ಆ ಗಂಟಿನಲ್ಲಿದ್ದ ಮರೂನ್ ಸ್ವೆಟರ್ ಒಂದೇ. ನಾನೇನೂ ಜಾಣತನದಿಂದ ಹೊತ್ತು ತಂದಿರಲಿಲ್ಲ. ಬ್ಯಾಗಿನ ತಳದಿಂದ ತೆಗೆದು ಹೋಮ್‌ಸ್ಟೇಯಲ್ಲಿ ಇಡಲು ಸೋಮಾರಿತನ, ಅಷ್ಟೆ.

ಮರಗಳ ಮರೆಗೆ ಇಳಿದು, ಅವನ ಒದ್ದೆ ಟೀ-ಶರ್ಟ್ ಬಿಚ್ಚಿಸಿ, ಸ್ವೆಟರ್ ತೊಡಿಸಿ, ಮೇಲೆ ರೇನ್‌ಕೋಟ್ ಹಾಕಿದೆವು. ಕಡಲೆ ಚಿಕ್ಕಿ ತಿನ್ನಿಸಿ ಇಬ್ಬರು ಆಚೆ ಈಚೆ ಹಿಡಿದು ನಿಧಾನವಾಗಿ ನಡೆಸಿದೆವು. ಸುಮಾರು ದೂರ ಇಳಿದ ಮೇಲೆ ಅವನು ನನ್ನನ್ನು ಸ್ಪಷ್ಟವಾಗಿ ಬೈದ. ಅಂಥ ಬೈಗುಳ ಅಷ್ಟು ಖುಷಿ ಕೊಟ್ಟದ್ದು ಅದೇ ಮೊದಲು. 1,894 ಮೀಟರ್ ಎತ್ತರದ ಶಿಖರ ನಮಗೆ ಕಾಣಲೇ ಇಲ್ಲ.

ಮನೆಗೆ ಬಂದು ನಾಲ್ಕು ದಿನವಾದರೂ ನನ್ನ ಜೀನ್ಸ್ ಬಾಲ್ಕನಿಯಲ್ಲಿ ಹಸಿಯಾಗಿಯೇ ನೇತಾಡುತ್ತಿದೆ. ‘ಸ್ವೆಟರ್ ಎಲ್ಲೋ?’ ಎಂದು ಅಮ್ಮ ದಿನಾ ಕೇಳುತ್ತಾಳೆ. ಗೆಳೆಯನಿಗೆ ಫೋನ್ ಮಾಡಿದೆ. ಅವರಮ್ಮ ಒಗೆದು ಹಾಕಿದ್ದಾರಂತೆ, ಇನ್ನೂ ಒಣಗಿಲ್ಲವಂತೆ.