ಹಳೇ ಟ್ರ್ಯಾಕ್ಟರಿನ ಚಾರ್ಜಿಂಗ್: ಕೆಡುವುದು ಒಂದು, ಬದಲಿಸುವುದು ಇನ್ನೊಂದು

ತೋಟದ ಹಳೇ ಡೀಸೆಲ್ ಟ್ರ್ಯಾಕ್ಟರು ಬೆಳಿಗ್ಗೆ ಸೆಲ್ಫ್ ಹೊಡೆದರೆ ‘ಟಕ್’ ಎಂದು ಸುಮ್ಮನಾಗುತ್ತದೆ. ನಾಲ್ಕು ಜನ ಸೇರಿ ತಳ್ಳಿ ಶುರು ಮಾಡುತ್ತಾರೆ. ಸಂಜೆಯೊಳಗೆ ಬ್ಯಾಟರಿ ಅಂಗಡಿಗೆ ದುಡ್ಡು ಕೊಟ್ಟಾಗಿರುತ್ತದೆ. ಅಂಗಡಿಗೆ ಹೋಗುವ ಮೊದಲು ಒಂದು ಮಲ್ಟಿಮೀಟರ್ ಹಿಡಿದು ನೋಡಿದ್ದರೆ ಆ ದುಡ್ಡು ಉಳಿಯುತ್ತಿತ್ತೇನೋ.

ತಪ್ಪು ಕಲ್ಪನೆ: ಬ್ಯಾಟರಿ ಪದೇ ಪದೇ ಇಳಿದರೆ ಬ್ಯಾಟರಿಯೇ ಹಾಳು.

ಸತ್ಯ: ಚಾರ್ಜ್ ಬರದಿದ್ದರೆ ಹೊಸ ಬ್ಯಾಟರಿಯೂ ಕೆಲವೇ ದಿನದಲ್ಲಿ ಮಲಗುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯ 12 ವೋಲ್ಟ್ ಬ್ಯಾಟರಿ ತುಂಬಿದ್ದರೆ ಮೀಟರ್ 12.6ರ ಆಸುಪಾಸು ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ ಎಂದರ್ಥ. ಮೊದಲು ಚಾರ್ಜರಿಗೆ ಹಾಕಿ. ಆಮೇಲೆ ಇಂಜಿನ್ ಶುರು ಮಾಡಿ, ಸ್ವಲ್ಪ ರೇಸ್ ಕೊಟ್ಟು ನೋಡಿ: 13.8ರಿಂದ 14.5ರೊಳಗೆ ಬರಬೇಕು. 12.5ರಲ್ಲೇ ನಿಂತರೆ ಬ್ಯಾಟರಿಗೆ ಚಾರ್ಜ್ ತಲುಪುತ್ತಿಲ್ಲ. 14 ತೋರಿಸಿಯೂ ಮರುದಿನ ಇಳಿದಿದ್ದರೆ ಮಾತ್ರ ಬ್ಯಾಟರಿಯನ್ನೋ, ನಿಂತಲ್ಲೇ ಕರೆಂಟ್ ಸೋರುವ ವೈರಿಂಗನ್ನೋ ಅನುಮಾನಿಸಿ.

ತಪ್ಪು ಕಲ್ಪನೆ: ಇಂಜಿನ್ ಓಡುವಾಗ ಬ್ಯಾಟರಿಯ ವೈರ್ ಕಳಚಿ, ನಿಲ್ಲದಿದ್ದರೆ ಆಲ್ಟರ್ನೇಟರ್ ಸರಿ ಇದೆ.

ಸತ್ಯ: ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಬೇಕಿಲ್ಲ. ಮೆಕ್ಯಾನಿಕಲ್ ಪಂಪಿನ ಹಳೇ ಇಂಜಿನ್ ಒಮ್ಮೆ ಶುರುವಾದರೆ ಆಲ್ಟರ್ನೇಟರ್ ಸತ್ತಿದ್ದರೂ ಓಡುತ್ತಲೇ ಇರುತ್ತದೆ. ಹಾಗಾಗಿ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ನಷ್ಟವಂತೂ ಆಗಬಹುದು: ಬ್ಯಾಟರಿ ತಟ್ಟನೆ ಕಳಚಿಕೊಂಡಾಗ ವೋಲ್ಟೇಜ್ ಜಿಗಿದು, ಚೆನ್ನಾಗಿದ್ದ ಆಲ್ಟರ್ನೇಟರಿನ ಡಯೋಡು, ರೆಗ್ಯುಲೇಟರು ಸುಟ್ಟುಹೋಗಬಹುದು.

ತಪ್ಪು ಕಲ್ಪನೆ: ಬ್ಯಾಟರಿಯ ಕೆಂಪು ದೀಪ ಹತ್ತುತ್ತಿಲ್ಲ, ಅಂದರೆ ಎಲ್ಲ ಸರಿ.

ಸತ್ಯ: ಕೀ ತಿರುಗಿಸಿದಾಗ, ಇಂಜಿನ್ ಶುರುವಾಗುವ ಮೊದಲು, ಆ ದೀಪ ಹತ್ತಲೇಬೇಕು. ಎಷ್ಟೋ ಆಲ್ಟರ್ನೇಟರುಗಳಿಗೆ ಕೆಲಸ ಆರಂಭಿಸಲು ಬೇಕಾದ ಮೊದಲ ಕರೆಂಟು ಹೋಗುವುದೇ ಆ ಬಲ್ಬಿನ ಮೂಲಕ. ಬಲ್ಬ್ ಸುಟ್ಟರೆ ಎಚ್ಚರಿಕೆಯೂ ಇಲ್ಲ, ಕೆಲವೊಮ್ಮೆ ಚಾರ್ಜೂ ಇಲ್ಲ.

ತಪ್ಪು ಕಲ್ಪನೆ: ಬೆಲ್ಟ್ ತಿರುಗುತ್ತಿದ್ದರೆ ಸಾಕು.

ಸತ್ಯ: ವಿ ಆಕಾರದ ಬೆಲ್ಟ್ ಪುಲ್ಲಿಯನ್ನು ಹಿಡಿಯುವುದು ತನ್ನ ಎರಡು ಪಕ್ಕಗಳಿಂದ. ಸವೆದ ಬೆಲ್ಟ್ ಪುಲ್ಲಿಯ ತಳಕ್ಕೆ ಕೂತು, ಪಕ್ಕಗಳು ಗಾಜಿನ ಹಾಗೆ ಹೊಳೆಯುತ್ತವೆ. ಆಗ ಹೆಡ್‌ಲೈಟ್ ಹಾಕಿದ ಕೂಡಲೇ ಜಾರುತ್ತದೆ. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ಬಗ್ಗಬೇಕು. ತೀರಾ ಬಿಗಿದರೆ ಬೇರಿಂಗ್ ಹೋಗುತ್ತದೆ.

ತಪ್ಪು ಕಲ್ಪನೆ: ಟರ್ಮಿನಲ್ ಬಿಗಿಯಾಗಿದೆ, ಗ್ರೀಸೂ ಹಚ್ಚಿದೆ, ವೈರಿನಲ್ಲಿ ದೋಷವಿಲ್ಲ.

ಸತ್ಯ: ಬಿಳಿ, ಹಸಿರು ಪುಡಿಯ ಮೇಲೆಯೇ ಗ್ರೀಸ್ ಬಳಿದರೆ ಪ್ರಯೋಜನವಿಲ್ಲ. ಇಂಜಿನ್ ನಿಲ್ಲಿಸಿ, ಮೊದಲು ನೆಗೆಟಿವ್ ಕಳಚಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಲೋಹ ಹೊಳೆಯುವಂತೆ ಉಜ್ಜಿ ಬಿಗಿದ ಮೇಲೆ ಗ್ರೀಸ್. ಮತ್ತೆ ಇಂಜಿನ್ ಓಡಿಸಿ, ಲೈಟ್ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಆಲ್ಟರ್ನೇಟರಿನ ಮೈಗೆ ಮುಟ್ಟಿಸಿ. 0.2 ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ತ್ ಸರಿಯಿಲ್ಲ.

ತಪ್ಪು ಕಲ್ಪನೆ: ಬ್ಯಾಟರಿಯಲ್ಲಿ ನೀರು ಇಳಿದರೆ ಆಸಿಡ್ ಹಾಕಬೇಕು.

ಸತ್ಯ: ಆವಿಯಾಗುವುದು ನೀರು, ಆಸಿಡ್ ಅಲ್ಲ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರು ಬೇಡ. ಮತ್ತೆ ಮತ್ತೆ ನೀರು ಇಳಿಯುತ್ತಿದ್ದು ಮೀಟರ್ 15 ದಾಟುತ್ತಿದ್ದರೆ ರೆಗ್ಯುಲೇಟರ್ ಕೆಟ್ಟು ಚಾರ್ಜ್ ಅತಿಯಾಗುತ್ತಿದೆ.

ಬೆಲ್ಟು, ಟರ್ಮಿನಲ್ಲು, ಅರ್ತು, ದೀಪ ಎಲ್ಲ ಸರಿಯಿದ್ದು ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿನಲ್ಲೂ 13 ದಾಟದಿದ್ದರೆ ಆಗ ಅದನ್ನು ಬಿಚ್ಚಿ ಆಟೋ ಎಲೆಕ್ಟ್ರಿಷಿಯನ್ ಬಳಿಗೆ ಒಯ್ಯಿರಿ. ಹೊಸದು ಕೊಳ್ಳುವ ಮೊದಲು ಬ್ರಷ್ ಸವೆದಿದೆಯೇ ಎಂದು ಕೇಳಿ. ಬಹಳಷ್ಟು ಹಳೇ ಮಾದರಿಗಳಲ್ಲಿ ಬ್ರಷ್ ಒಂದನ್ನೇ ಬದಲಿಸಬಹುದು.